ನಾಲ್ಕರಲ್ಲಿ ಹೊಸದೊಂದು

ನನ್ನ ಭಾವ ಕುಳಿತದ್ದನ್ನು ನಾನು ಕಂಡದ್ದು ಬಹಳ ಕಡಿಮೆ. ತಟ್ಟೆ ಹಿಡಿದುಕೊಂಡೇ ಕೋಣೆಯಿಂದ ಕೋಣೆಗೆ ಓಡಾಡುತ್ತ ಊಟ ಮುಗಿಸುವ, ನೀವು ಮನಸ್ಸು ಬಿಚ್ಚಿ ಮಾತಾಡುತ್ತಿರುವಾಗಲೇ ಎದ್ದು ಹೋಗಿ ಬಾಗಿಲಿನ ಕೀಲನ್ನು ಅಲುಗಾಡಿಸಿ ನೋಡುವ, ನೆಂಟರ ಮನೆಯಲ್ಲಿ ಕುರ್ಚಿ ಕೊಟ್ಟರೆ ಅದನ್ನು ತಲೆಕೆಳಗು ಮಾಡಿ ಕಾಲುಗಳ ಗಟ್ಟಿತನವನ್ನು ಪರೀಕ್ಷಿಸಿ ಕಡೆಗೆ ಕೂರದೆಯೇ ಹಿಂತಿರುಗುವ ಈ ಮನುಷ್ಯನಿಗೆ ಕಾರ್ಖಾನೆಯವರು ಚಕ್ರದಣ್ಣ ಎಂದು ಹೆಸರಿಟ್ಟಿದ್ದರು. ಕಾಲಿಗೆ ಚಕ್ರ ಕಟ್ಟಿಕೊಂಡವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಅವರು ಎಲ್ಲಿಗಾದರೂ ಹೋಗಿ ಸೇರುತ್ತಾರೆ. ಭಾವ ಎಲ್ಲಿಗೂ ಹೋಗುತ್ತಿರಲಿಲ್ಲ, ಇದ್ದಲ್ಲೇ ಸುತ್ತುತ್ತಿದ್ದರು.

ಅವರ ಉದ್ಯೋಗ, ಹಳೆಯ ಮೋಲ್ಡಿಂಗ್ ಯಂತ್ರಗಳ ಮುರಿದ ಅಂಗಗಳಿಗೆ ಬದಲಿ ಹೊಂದಿಸುವುದು. ಪ್ಲಾಸ್ಟಿಕ್ ಕಾಳನ್ನು ಕರಗಿಸಿ ಅಚ್ಚಿನೊಳಕ್ಕೆ ಒತ್ತುವ ಆ ದೈತ್ಯ ಯಂತ್ರಗಳನ್ನು ಹುಟ್ಟಿಸಿದ ಕಂಪನಿಗಳು ಎಂದೋ ಬಾಗಿಲು ಹಾಕಿಕೊಂಡಿದ್ದವು. ಬಿಡಿಭಾಗ ಬೇಕೆಂದರೆ ಗುಜರಿಯ ರಾಶಿಯನ್ನು ಕೆದಕಬೇಕು, ಇಲ್ಲವೇ ಲೇತಿನ ಮುಂದೆ ನಿಂತು ಹೊಸದಾಗಿ ಮಾಡಿಸಬೇಕು. ಭಾವನ ಖಾಕಿ ಕೋಟಿನ ಜೇಬುಗಳಲ್ಲಿ ಸದಾ ನಟ್ಟು, ವಾಷರು, ಸವೆದ ಆಯಿಲ್ ಸೀಲುಗಳ ಸಂಸಾರ. ಕೋಟು ಒಗೆಯಲು ಹಾಕಿದ ದಿನ ಬಕೆಟ್ಟಿನ ತಳದಲ್ಲಿ ಅರ್ಧ ಯಂತ್ರ ಸಿಗುತ್ತದೆಂದು ಅಕ್ಕ ಗೊಣಗುತ್ತಿದ್ದಳು. ಯಾರು ಏನೇ ಹೇಳಲಿ, ಭಾವನ ಉತ್ತರ ಒಂದೇ: "ಆದ್ರೂ ಒಂದ್ಸಲ ನೋಡೋಣ." ಈ ಮಾತು ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು.

ಅಕ್ಕನೂ ಅದೇ ಕಾರ್ಖಾನೆಯಲ್ಲಿದ್ದಳು. ಡಬ್ಬಿಗಳಿಗೆ ಹಾಕುವ ಚೌಕ ಮುಚ್ಚಳಗಳು ಯಂತ್ರದಿಂದ ಬಿಸಿಬಿಸಿಯಾಗಿ ಬಿದ್ದಾಗ ಅವುಗಳ ಅಂಚನ್ನು ಪುಟ್ಟ ಚಾಕುವಿನಿಂದ ಹೆರೆದು ಚೊಕ್ಕಟ ಮಾಡುವುದು ಅವಳ ಕೆಲಸ. ಗಂಡ ಹೆಂಡತಿ ಇಬ್ಬರ ಅನ್ನವೂ ಒಂದೇ ಹಳೆಯ ಯಂತ್ರದ ಬಾಯಿಂದ ಬರುತ್ತಿತ್ತು.

ಆ ಯಂತ್ರದ ಅಚ್ಚನ್ನು ನಾಲ್ಕು ಮೂಲೆಗಳಿಂದ ಬಿಗಿಹಿಡಿಯುವ ನಾಲ್ಕು ದಪ್ಪ ಉಕ್ಕಿನ ರಾಡುಗಳಲ್ಲಿ ಒಂದು, ಕೆಲಸದ ನಡುವೆಯೇ ಮುರಿಯಿತು. ಭಾವ ಲೇತಿನವನ ಎದೆಯ ಮೇಲೆ ಕುಳಿತಂತೆ ನಿಂತು ಹೊಸ ರಾಡು ಮಾಡಿಸಿದರು. ತಾವೇ ಉಜ್ಜಿ ಹೊಳಪು ಕೊಟ್ಟರು. ನಟ್ಟನ್ನು ಮೈಯ ಬಲವೆಲ್ಲ ಹಾಕಿ ಬಿಗಿದರು. ಯಂತ್ರವೇನೋ ಓಡಿತು. ಆದರೆ ಪ್ರತಿ ಮುಚ್ಚಳದಲ್ಲೂ, ಹೊಸ ರಾಡಿಗೆ ಎದುರಿನ ಒಂದೇ ಮೂಲೆಯಲ್ಲಿ, ಪ್ಲಾಸ್ಟಿಕ್ಕು ತೆಳ್ಳನೆಯ ಪರೆಯಾಗಿ ಹೊರಚಾಚತೊಡಗಿತು. ಗಿರಾಕಿ ಸರಕನ್ನು ವಾಪಸು ಕಳಿಸಿದ. ಭಾವ ಅಚ್ಚನ್ನು ಬಿಚ್ಚಿದರು, ತೊಳೆದರು, ಮತ್ತೆ ಕೂರಿಸಿದರು, ಪರೆ ಹೋಗಲಿಲ್ಲ. ಕಡೆಗೆ ಆ ಮೂಲೆಯ ಹಳೆಯ ರಾಡೇ ಸೋತಿದೆ, ಅದನ್ನೂ ಬದಲಿಸಬೇಕು ಎಂದು ತೀರ್ಪು ಕೊಟ್ಟರು.

"ಇನ್ನೊಂದು ರಾಡು ಮಾಡಿಸೋ ಶಕ್ತಿ ನನಗಿಲ್ಲ ಅಣ್ಣಾ," ಎಂದರು ಮಾಲೀಕರು. "ನಾಳೆ ಗುಜರಿಯವನಿಗೆ ಬರೋಕೆ ಹೇಳ್ತೀನಿ. ಎಳ್ಕೊಂಡು ಹೋಗ್ಲಿ."

ಅಕ್ಕ ಮರೆತು ಹೋಗಿದ್ದ ಕನ್ನಡಕವನ್ನು ಕೊಡಲು ಹೋಗಿದ್ದ ನಾನು ಆಗ ಅಲ್ಲೇ ನಿಂತಿದ್ದೆ. ಭಾವನ ಮುಖ ಸುಣ್ಣದಂತಾಯಿತು. ಕಂಪ್ಯೂಟರಿನ ಗುಂಡಿ ಒತ್ತಿ ನಡೆಸುವ ಹೊಸ ಯಂತ್ರಗಳ ಕಾಲದಲ್ಲಿ, ನರೆತ ತಲೆಯ ಈ ಮನುಷ್ಯನನ್ನು ಬೇರೆ ಯಾರು ಕರೆಯುತ್ತಾರೆ? ನನಗೆ ಅವರ ಮೇಲೆ ಕನಿಕರವೂ ಸಿಟ್ಟೂ ಒಟ್ಟಿಗೇ ಬಂದವು. ಅಕ್ಕ ಮುಚ್ಚಳ ಹೆರೆಯುವುದನ್ನು ನಿಲ್ಲಿಸಲಿಲ್ಲ.

"ರೀ, ಆ ಹಳೇದನ್ನ ಯಾಕೆ ಬೈತೀರಿ? ಇಷ್ಟು ವರ್ಷ ಈ ಮೂಲೇಲಿ ಪರೆ ಬಂದೇ ಇರ್ಲಿಲ್ಲ. ನಿಮ್ಮ ಹೊಸದು ಬಂದ್ಮೇಲೆ ತಾನೇ ಇದೆಲ್ಲ?"

"ಹೊಸದು ಇರೋದು ಆ ತುದೀಲಿ. ಪರೆ ಬರ್ತಿರೋದು ಈ ತುದೀಲಿ. ನಿನಗೇನು ಗೊತ್ತಾಗುತ್ತೆ?"

"ಹೆತ್ತವರಿಗೆ ಹೆಗ್ಗಣ ಮುದ್ದು," ಎಂದಳು ಅಕ್ಕ, ತಲೆಯೆತ್ತದೆ.

ಭಾವ ದುರದುರನೆ ಹೊರಗೆ ಹೋದರು. ಬೀದಿಯ ಈ ಕೊನೆಯಿಂದ ಆ ಕೊನೆಗೆ, ಆ ಕೊನೆಯಿಂದ ಈ ಕೊನೆಗೆ, ಸ್ಪ್ಯಾನರನ್ನು ಕೈಯಲ್ಲಿ ಹಿಡಿದೇ ನಡೆದರು. ಒಮ್ಮೆ ಬಾಗಿಲವರೆಗೆ ಬಂದು ಹಾಗೆಯೇ ತಿರುಗಿದರು. ಮತ್ತೆ ಒಳಗೆ ಬಂದವರು ಯಾರನ್ನೂ ನೋಡದೆ ಯಂತ್ರದ ಅಚ್ಚನ್ನು ಬಹಳ ನಿಧಾನವಾಗಿ ಮುಚ್ಚಿಸಿ, ನಾಲ್ಕೂ ರಾಡುಗಳ ಮೇಲೆ ಅಂಗೈಯಿಟ್ಟು, ಹೊಸದರ ಬಳಿ ಹೆಚ್ಚು ಹೊತ್ತು ನಿಂತರು. ಆಮೇಲೆ ತಾವೇ ಬಿಗಿದಿದ್ದ ನಟ್ಟನ್ನು ತಾವೇ ಸಡಿಲಿಸಿದರು. ವರ್ಷಗಟ್ಟಲೆ ಎಳೆತ ತಿಂದು ಒಂದು ಹದಕ್ಕೆ ಬಂದಿದ್ದ ಮೂರು ಹಳಬರ ನಡುವೆ ಈ ಹೊಸಬನೊಬ್ಬನೇ ಅತಿಯಾಗಿ ಬಿಗಿದು ನಿಂತದ್ದರಿಂದ, ಅಚ್ಚು ಇತ್ತ ಕಚ್ಚಿಕೊಂಡು ಎದುರು ಮೂಲೆಯಲ್ಲಿ ಬಾಯಿ ಬಿಡುತ್ತಿತ್ತು. ಮುಂದಿನ ಮುಚ್ಚಳ ಬಿದ್ದಿತು. ಅಕ್ಕ ಅದರ ಅಂಚಿನ ಮೇಲೆ ಬೆರಳಾಡಿಸಿ, ಚಾಕುವನ್ನು ಕೆಳಗಿಟ್ಟಳು.

"ಹಳೇ ರಾಡು ನೆಟ್ಟಗಿದೆ," ಎಂದರು ಭಾವ ಮಾಲೀಕರಿಗೆ. "ಕೆಟ್ಟಿದ್ದು ನನ್ನ ಕೈ."

ಗುಜರಿಯವನಿಗೆ ಬರಬೇಡವೆಂದು ಹೇಳಿ ಕಳಿಸಿದ್ದಾಯಿತು. ಎಲ್ಲರೂ ಚಹಾ ಕುಡಿಯುವಾಗಲೂ ಭಾವ ಯಂತ್ರದ ಸುತ್ತಲೇ ಇದ್ದರು. ಸರಿಹೋಯಿತಲ್ಲ, ಇನ್ನೇನು ಎಂದು ನಾನು ಕೇಳಿದ್ದಕ್ಕೆ, "ಮೊದಲು ನಟ್ಟು ಬಿಗಿದಾಗ್ಲೂ ಸರಿಯಾಗಿದೆ ಅಂತಾನೇ ಅನ್ನಿಸಿತ್ತು," ಎಂದರು.

ಅನ್ಯರ ಕೆಲಸವನ್ನು ಅನುಮಾನಿಸುವುದು ಸುಲಭದ ವಿದ್ಯೆ. ಅದರಲ್ಲಿ ಪಂಡಿತರಾದ ನಮ್ಮಂಥವರು ಸುಖವಾಗಿ ನಿದ್ರಿಸುತ್ತೇವೆ. ತಮ್ಮ ಕೈಯನ್ನೂ ಆ ಅನುಮಾನದಿಂದ ಹೊರಗಿಡಲಾರದವರ ಜಾತಿ ಬೇರೆ. ಅವರೊಡನೆ ಬಾಳುವುದು ಕಷ್ಟ, ಅವರ ಸಂಗ ಆಯಾಸ, ಮೆಚ್ಚಿ ಒಂದು ಮಾತಾಡಿದರೆ ಅದರಲ್ಲೂ ಬಿರುಕು ಹುಡುಕುತ್ತಾರೆ. ನೆಮ್ಮದಿಯೆಂಬುದು ಅವರು ಇತರರಿಗಾಗಿ ಮಾಡಿಕೊಡುವ ಸರಕು; ಮನೆಗೆಂದು ಒಂದನ್ನೂ ಎತ್ತಿಟ್ಟುಕೊಳ್ಳುವುದಿಲ್ಲ.