ಐದನೇ ತಿರುವು

"ಅಣ್ಣ, ಅವತ್ತು ಬಸ್ ಸ್ಟ್ಯಾಂಡಲ್ಲಿ ನಾನು..." ಎಂದು ಹೆಡ್‌ಫೋನಿನಲ್ಲಿ ತಮ್ಮನ ದನಿ ಏಳುವುದಕ್ಕೂ ಕಂಪ್ಯೂಟರಿನಲ್ಲಿ ಲಾರಿ ಆಟದ ಪರದೆ ಕಪ್ಪಾಗುವುದಕ್ಕೂ ಸರಿಹೋಯಿತು. ಬೆಟ್ಟದ ಐದನೇ ತಿರುವು, ಇಕ್ಕೆಲದ ಮರಗಳು, ಕನ್ನಡಿಯಲ್ಲಿ ಹಿಂದೆಯೇ ಬರುತ್ತಿದ್ದ ತಮ್ಮನ ಕೆಂಪು ಲಾರಿ, ಎಲ್ಲವೂ ಒಟ್ಟಿಗೆ ಮಾಯವಾದವು. ಟೈಮ್‌ಟೇಬಲ್ಲಪ್ಪ ಮೇಜಿನ ಕೆಳಗೆ ಇಲ್ಲದ ಬ್ರೇಕನ್ನು ಒಂದು ಸಲ ತುಳಿದು, ಕೈಕಟ್ಟಿ ಕುಳಿತ.

"ಮತ್ತೆ ಹೋಯ್ತಾ?" ಹೊಲಿಗೆ ಮಿಷನ್ನಿನ ಹಿಂದಿನಿಂದ ಹೆಂಡತಿ ಕೇಳಿದಳು.

"ಅದೇ ಜಾಗ, ಅದೇ ತಿರುವು. ಅವನು ಬಾಯಿ ತೆಗೆಯೋದನ್ನೇ ಕಾಯ್ತಿರುತ್ತೆ ಈ ದರಿದ್ರದ್ದು."

ಐದು ನಿಮಿಷಕ್ಕೆ ತಮ್ಮನ ಸಂದೇಶ ಬಂತು. "ಆ ಮಾತು ಎತ್ತಿದಾಗಲೆಲ್ಲ ಕಟ್ ಮಾಡ್ತೀಯ. ಇದು ನಾಲ್ಕನೇ ಸಲ. ನಾಳೆ ನಾಲ್ಕು ಗಂಟೆಗೆ ಬರ್ತೀನಿ. ನಾಳೆಯೂ ಹೀಗೇ ಆದ್ರೆ ಇನ್ನು ಬರೋದಿಲ್ಲ." ಕಂಪ್ಯೂಟರ್ ಕೆಟ್ಟಿದೆ ಕಣೋ ಎಂದು ಅಣ್ಣ ಬರೆದ. "ನಿನ್ನ ಕೈಲಿದ್ದ ಗಾಡಿ ಯಾವತ್ತು ಕೆಟ್ಟಿತ್ತು?" ಎಂದು ಉತ್ತರ ಬಂತು. 

ಮೂವತ್ತೊಂದು ವರ್ಷ ಬಸ್ಸು ಓಡಿಸಿ ಒಂದು ದಿನವೂ ತಡವಾಗಿ ಹೊರಡದವನಿಗೆ ಡಿಪೋದವರು ಇಟ್ಟ ಹೆಸರು ಟೈಮ್‌ಟೇಬಲ್ಲಪ್ಪ. ಅವರು ಇಟ್ಟದ್ದು ಚೇಷ್ಟೆಗೆ, ಇವನು ತೊಟ್ಟುಕೊಂಡದ್ದು ಬಿರುದಿನ ಹಾಗೆ. ಏಳು ವರ್ಷದ ಹಿಂದೆ ನೆರೆಯೂರಿನ ಆಸ್ಪತ್ರೆಯಲ್ಲಿ ತಾಯಿಗೆ ತೀರಾ ಜೋರಾಗಿತ್ತು. ನಿನ್ನ ಬಸ್ಸಿಗೇ ಬರುತ್ತೇನೆಂದಿದ್ದ ತಮ್ಮ ನಾಲ್ಕು ನಿಮಿಷ ತಡ ಮಾಡಿದ. ಬಸ್ಸು ಹೊತ್ತಿಗೆ ಸರಿಯಾಗಿ ಹೊರಟಿತ್ತು. ಮುಂದಿನ ಬಸ್ಸು ಹಿಡಿದು ಅವನು ತಲುಪುವಷ್ಟರಲ್ಲಿ ತಾಯಿ ಕಣ್ಣು ಮುಚ್ಚಿದ್ದರು. ಅಂದಿನಿಂದ ಅಣ್ಣತಮ್ಮಂದಿರ ನಡುವೆ ಮಾತು ಬಂದ್.

ಈ ವರ್ಷ ಎರಡೂ ಮನೆಯ ಮಕ್ಕಳು ಸೇರಿ ಹೂಟ ಹೂಡಿ ಇಬ್ಬರಿಗೂ ಲಾರಿ ಓಡಿಸುವ ಆಟ ಹಾಕಿಕೊಟ್ಟಿದ್ದರು. ದಿನವೂ ಸಂಜೆ ನಾಲ್ಕಕ್ಕೆ ಅಣ್ಣನ ಲಾರಿ ಮುಂದೆ, ತಮ್ಮನದು ಹಿಂದೆ. ಮೊದಮೊದಲು "ಎಡಕ್ಕೆ ತಗೋ", "ಗೇರ್ ಇಳಿಸು" ಇಷ್ಟೇ. ಆಮೇಲೆ ಮಂಡಿನೋವು, ಮಕ್ಕಳ ಸುದ್ದಿ. ಹದಿನೈದು ದಿನದಿಂದ ತಮ್ಮ ಆ ಹಳೆಯ ಮಾತಿನ ಹತ್ತಿರ ಹತ್ತಿರಕ್ಕೆ ಬರುತ್ತಿದ್ದ. ಹತ್ತಿರ ಬಂದಾಗಲೆಲ್ಲ ಪರದೆ ಕಪ್ಪಾಗುತ್ತಿತ್ತು. ಅದು ಸರಿಹೋಗದಿದ್ದರೆ ತಮ್ಮ ಎರಡನೇ ಸಲ ಕೈತಪ್ಪುತ್ತಾನೆಂದು ಟೈಮ್‌ಟೇಬಲ್ಲಪ್ಪನಿಗೆ ದಿಗಿಲಾಗಿತ್ತು.

ಮಗಳಿಗೆ ಫೋನ್ ಹೋಯಿತು. ಕಂಪ್ಯೂಟರು ಅವಳು ಮದುವೆಗೆ ಮುಂಚೆ ಆಡುತ್ತಿದ್ದದ್ದು.

"ಡ್ರೈವರ್ ಹಳೇದಾಗಿರ್ಬೇಕು ಅಪ್ಪ. ತೆಗೆದು ಹೊಸದು ಹಾಕಿದ್ರೆ ಸರಿಹೋಗುತ್ತೆ."

"ಇಷ್ಟು ವರ್ಷದಲ್ಲಿ ಯಾವ ಮ್ಯಾನೇಜರೂ ಈ ಮಾತನ್ನ ನನ್ನ ಮುಖಕ್ಕೆ ಹೇಳಿರ್ಲಿಲ್ಲ ಬಿಡು."

ಮಗಳು ನಕ್ಕು, ಡ್ರೈವರ್ ಎಂಬ ಆ ಸಾಫ್ಟ್‌ವೇರನ್ನು ಅಲ್ಲಿಂದಲೇ ಅಳಿಸಿ ಹೊಸದು ಹಾಕಿದಳು. ಪರದೆಯ ಮೂಲೆಯಲ್ಲಿ ಗ್ರಾಫಿಕ್ಸ್ ಕಾರ್ಡಿನ ಬಿಸಿ ತೋರಿಸುವ ಅಂಕಿಯೊಂದನ್ನು ಕೂರಿಸಿ, ಒಂದು ಸುತ್ತು ಓಡಿಸಿ ನೋಡಿ ಎಂದಳು. ಬಯಲಿನಲ್ಲಿ ಎಂಬತ್ತಿದ್ದ ಅಂಕಿ ಬೆಟ್ಟ ಹತ್ತುತ್ತಲೇ ತೊಂಬತ್ತು ದಾಟಿತು. ಐದನೇ ತಿರುವಿನಲ್ಲಿ ಮತ್ತೆ ಕತ್ತಲೆ.

"ಬೆಟ್ಟದಲ್ಲಿ ಮರ ಜಾಸ್ತಿ, ಅದನ್ನೆಲ್ಲ ಬಿಡಿಸಿ ತೋರ್ಸೋ ಕೆಲಸ ಆ ಕಾರ್ಡಿಂದು. ಹೆಣಗಾಡಿ ಬಿಸಿಯಾಗುತ್ತೆ" ಎಂದಳು ಮಗಳು. "ಅದರ ಮೇಲೆ ಎರಡು ಪುಟ್ಟ ಫ್ಯಾನ್ ಇವೆ, ತಿರುಗ್ತಿಲ್ಲ ಅನ್ಸುತ್ತೆ. ಬೆಳಿಗ್ಗೆ ಬಿಚ್ಚಿ ನೋಡಿ. ಅಮ್ಮನ ಕೈಲಿ ಮಾಡಿಸಿ, ನೀವು ಮುಟ್ಬೇಡಿ."

ಫ್ಯಾನ್ ಎಂಬ ಮಾತು ಕಿವಿಗೆ ಬಿದ್ದದ್ದೇ ಮಿಷನ್ನು ನಿಂತಿತು. ಬೀದಿಗೆಲ್ಲ ಟೈಲರಮ್ಮನಾದ ಆ ಹೆಂಗಸು ಸೂಜಿಗೆ ದಾರ ಪೋಣಿಸುವವಳ ಹಾಗೆ ತಲೆ ಬಗ್ಗಿಸಿದಳು. ಸೂಜಿಯಲ್ಲಿ ದಾರ ಇದ್ದೇ ಇತ್ತು.

"ರೀ, ಒಂದು ಮಾತು. ಬಯ್ಬಾರ್ದು."

"ಏನು?"

"ಎರಡು ತಿಂಗಳ ಹಿಂದೆ ಅದು ಕಿರ್ ಕಿರ್ ಅಂತಿತ್ತಲ್ಲ, ನೀವು ಮಲಗಿದ್ದಾಗ ಮುಚ್ಚಳ ತೆಗೆದು ಆ ಫ್ಯಾನುಗಳಿಗೆ ಮಿಷನ್ ಎಣ್ಣೆ ಬಿಟ್ಟೆ. ಸದ್ದು ನಿಂತೋಯ್ತು. ಆಮೇಲೆ ಇನ್ನೊಂದ್ಸಲ ಬಿಟ್ಟೆ. ಸ್ವಲ್ಪ ಧಾರಾಳವಾಗೇ."

ಇದು ಅವಳ ಕೈಗುಣ. ಬಾಗಿಲ ಕೀಲು, ಕತ್ತರಿ, ಗಂಡನ ಸೈಕಲ್ಲು, ಪಕ್ಕದ ಮನೆಯವರ ಗೇಟು, ಸದ್ದು ಮಾಡುವ ಯಾವುದನ್ನೂ ಅವಳು ಎಣ್ಣೆ ಕುಡಿಸದೆ ಬಿಟ್ಟವಳಲ್ಲ.

"ಹೇಳೋದಕ್ಕೆ ಏನಾಗಿತ್ತು?"

"ಮೊದಲನೇ ಸಲ ಕಟ್ ಆದಾಗಲೇ ಹೇಳೋಣ ಅಂದ್ಕೊಂಡೆ. ಅವತ್ತು ಆಗ್ಲಿಲ್ಲ. ಆಮೇಲೆ ದಿನ ಕಳೆದ ಹಾಗೆ ಬಾಯಿ ಏಳ್ಲಿಲ್ಲ."

ಅವನು ಬಯ್ಯಲಿಲ್ಲ. "ನಂಗೆ ಅರ್ಥ ಆಗುತ್ತೆ" ಎಂದಷ್ಟೇ ಹೇಳಿ ಎದ್ದುಹೋದ. ಬೈದಿದ್ದರೇ ವಾಸಿ ಎನ್ನಿಸಿತು ಅವಳಿಗೆ.

ಬೆಳಿಗ್ಗೆ ತಂತಿ ಕಳಚಿ, ಕಂಪ್ಯೂಟರಿನ ಡಬ್ಬವನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಲಗಿಸಿದರು. ಟೈಲರಮ್ಮ ನಾಲ್ಕು ಸ್ಕ್ರೂ ಬಿಚ್ಚಿ ಕಾರ್ಡನ್ನು ಹೊರತೆಗೆದಳು. ಫ್ಯಾನುಗಳ ಸುತ್ತ ಬೂದುಬಣ್ಣದ ಮೆತ್ತೆಯೊಂದು ಬೆಳೆದಿತ್ತು. ಮಿಷನ್ನಿನ ಪಕ್ಕದಲ್ಲೇ ಕಂಪ್ಯೂಟರು ಇದ್ದದ್ದರಿಂದ, ಎರಡು ತಿಂಗಳಿಂದ ಹೊಲಿದ ಬಟ್ಟೆಯ ಜುಂಗೆಲ್ಲ ಎಣ್ಣೆಗೆ ಅಂಟಿ ಕೂತಿತ್ತು. ನೀಲಿ, ಹಳದಿ, ಶಾಲೆಯ ಸಮವಸ್ತ್ರದ ಖಾಕಿ, ಒಂದೊಂದು ಎಳೆಯೂ ಅವಳಿಗೆ ಗುರುತು ಸಿಕ್ಕಿತು.

"ಇದು ಬಾಬಿನ್ ಕೆಳಗೆ ಜುಂಗು ಕಟ್ಟಿದ ಹಾಗೇ ಆಗಿದೆ. ಇದೇನು ಮಹಾ" ಎಂದು ಅವಳು ಮಿಷನ್ನಿನ ಬ್ರಷ್ಷು, ಚಿಮಟ ತಂದಳು. ಎಳೆಎಳೆಯಾಗಿ ಕಿತ್ತಳು, ಸ್ಪಿರಿಟ್ ಅದ್ದಿದ ಹತ್ತಿಯಲ್ಲಿ ಒರೆಸಿದಳು. ಒಂದು ಫ್ಯಾನು ಬೆರಳು ತಾಗಿಸಿದರೆ ಸುಳಿಯಿತು. ಇನ್ನೊಂದು ಅರ್ಧ ಸುತ್ತು ಹೋಗಿ ಕಚ್ಚಿಕೊಂಡಿತು.

"ಇದರ ಒಳಗೆ ಸವೆದುಹೋಗಿದೆ. ಇದು ಏಳಲ್ಲ."

ಟೈಮ್‌ಟೇಬಲ್ಲಪ್ಪ ಗಡಿಯಾರ ನೋಡಿದ. ಹನ್ನೆರಡಾಗಿತ್ತು. ಬೆಳಗಿನಿಂದ ಅವನು ಮಾಡಿದ್ದು ಅದೊಂದೇ ಕೆಲಸ.

ಟೈಲರಮ್ಮ ಡಬ್ಬದ ಬೆನ್ನಿಗೆ ಹಾಕಿದ್ದ ದೊಡ್ಡ ಫ್ಯಾನನ್ನೇ ಬಿಚ್ಚಿದಳು. ಸತ್ತ ಫ್ಯಾನಿನ ಜಾಗಕ್ಕೆ ಅದನ್ನಿಟ್ಟು, ಗುಂಡಿ ಹೊಲಿಯುವ ಗಟ್ಟಿ ದಾರದಿಂದ ನಾಲ್ಕು ಮೂಲೆಯನ್ನೂ ಬಿಗಿದು ಗಂಟು ಹಾಕಿದಳು. ಫೋನಿನಲ್ಲಿ ನೋಡಿದ ಮಗಳು, "ನಾನೂ ಹಿಂಗೇ ಮಾಡ್ತಿದ್ದೆ ಅಮ್ಮ, ಆದ್ರೆ ನಿನ್ನಷ್ಟು ನೀಟಾಗಿ ಅಲ್ಲ" ಎಂದಳು. ಕಾರ್ಡನ್ನು ಮತ್ತೆ ಡಬ್ಬದೊಳಗೆ ಕೂರಿಸಿ, ಮುಚ್ಚಳ ಹಾಕದೆ ಹಾಗೇ ಬಿಟ್ಟರು. ಎಣ್ಣೆಯ ಡಬ್ಬಿಯನ್ನು ಟೈಲರಮ್ಮ ತಾನಾಗಿಯೇ ಅಲಮಾರಿನ ಮೇಲಿನ ಅಟ್ಟಕ್ಕೆ ಏರಿಸಿದಳು.

ನಾಲ್ಕಕ್ಕೆ ಸರಿಯಾಗಿ ತಮ್ಮ ಆಟಕ್ಕೆ ಬಂದ. ಫ್ಯಾನಿನ ಸದ್ದು ಕೇಳುತ್ತಿರಬೇಕೆಂದು ಟೈಮ್‌ಟೇಬಲ್ಲಪ್ಪ ಹೆಡ್‌ಫೋನ್ ತೆಗೆದು ಸ್ಪೀಕರ್ ಹಾಕಿಕೊಂಡಿದ್ದ. ಬಯಲು ದಾಟಿದರು. ಬೆಟ್ಟ ಶುರುವಾಯಿತು. ಅಂಕಿ ಎಪ್ಪತ್ತೆರಡು, ಎಪ್ಪತ್ತನಾಲ್ಕು. ಐದನೇ ತಿರುವಿನಲ್ಲಿ ಟೈಲರಮ್ಮ ಸೆರಗು ಹಿಡಿದುಕೊಂಡಳು. ತಿರುವು ಹಿಂದಕ್ಕೆ ಸರಿಯಿತು. ಮರಗಳು ಇದ್ದಲ್ಲೇ ಇದ್ದವು. ಅವಳಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

"ಏನೋ ಹೇಳ್ತಿದ್ದೆಯಲ್ಲ, ಬಸ್ ಸ್ಟ್ಯಾಂಡಲ್ಲಿ ಅಂತ" ಎಂದ ಅಣ್ಣ.

"ಬಿಡು, ಏನಿಲ್ಲ."

"ಹೇಳು. ಇವತ್ತು ಕಟ್ ಆಗಲ್ಲ. ನಿಮ್ಮ ಅತ್ತಿಗೆ ದಾರ ಹಾಕಿ ಕಟ್ಟಿದಾಳೆ."

ತಮ್ಮ ಲಾರಿಯ ಗೇರ್ ಇಳಿಸಿದ. "ಗೇಟ್ ಹತ್ರ ಕೈ ಬೀಸ್ತಾ ಓಡಿ ಬಂದೆ. ನೀನು ಕನ್ನಡೀಲಿ ನನ್ನ ನೋಡಿದ್ಯಾ ಇಲ್ವಾ? ಅಷ್ಟೇ ಕೇಳ್ಬೇಕಿತ್ತು. ಏಳು ವರ್ಷದಿಂದ."

ಫ್ಯಾನು ತಿರುಗುತ್ತಿತ್ತು. ನೋಡಲಿಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೆಂಡತಿಗೂ ಅವನು ಇಷ್ಟು ವರ್ಷ ಹಾಗೆಯೇ ಹೇಳಿದ್ದ.

"ನೋಡಿದೆ" ಎಂದ ಟೈಮ್‌ಟೇಬಲ್ಲಪ್ಪ. "ನೋಡಿಯೂ ಬಿಟ್ಟೆ. ಟೈಮ್ ಆಯ್ತು ಅನ್ನೋದೊಂದೇ ತಲೇಲಿತ್ತು. ತಪ್ಪಾಯ್ತು ಕಣೋ. ಅವತ್ತೇ ಹೇಳ್ಬೇಕಿತ್ತು. ಬಾಯಿ ಏಳ್ಲಿಲ್ಲ."

 ಕನ್ನಡಿಯಲ್ಲಿದ್ದ ಕೆಂಪು ಲಾರಿ ವಾಲಿ, ರಸ್ತೆ ಬಿಟ್ಟು ಮರೆಯಾಯಿತು. ಹೆಂಡತಿ ಎದ್ದು ನಿಂತಳು. ಸ್ಪೀಕರಿನಲ್ಲಿ ತಮ್ಮ ಮೂಗು ಒರೆಸಿಕೊಂಡ ಸದ್ದು ಬಂತು.

"ಲಾರಿ ಚರಂಡಿಗಿಳಿಸ್ಬಿಟ್ಟೆ ಅಣ್ಣ. ಕಣ್ಣು ಕಾಣ್ಲಿಲ್ಲ." ಅವನು ನಗುತ್ತಿದ್ದನೋ ಅಳುತ್ತಿದ್ದನೋ. "ಇಷ್ಟು ಹೇಳಿದ್ಯಲ್ಲ, ಸಾಕು. ನೀನು ಹೋಗಿರು. ಇದನ್ನ ಎತ್ತಿ ಬರೋಷ್ಟರಲ್ಲಿ ನೀನು ಸರಕು ಮುಟ್ಟಿಸೋ ಟೈಮ್ ಮೀರಿಹೋಗುತ್ತೆ."

ಟೈಮ್‌ಟೇಬಲ್ಲಪ್ಪ ಲಾರಿಯನ್ನು ಆರನೇ ತಿರುವಿನ ಬದಿಗೆ ಹಾಕಿ, ಇಂಡಿಕೇಟರ್ ಉರಿಸಿ, ಕೈ ಮಡಿಲಲ್ಲಿಟ್ಟುಕೊಂಡ. "ನಿಧಾನವಾಗಿ ಬಾ. ಇಲ್ಲೇ ನಿಂತಿದೀನಿ."

ಪರದೆಯ ಮೇಲೆ ಗಡುವಿನ ಗಡಿಯಾರ ಕೆಂಪಾಗಿ ಮಿನುಗತೊಡಗಿತು. ಅವನು ಅದರತ್ತ ನೋಡಲಿಲ್ಲ. ಮೇಜಿನ ಕೆಳಗೆ ತೆರೆದ ಡಬ್ಬದಲ್ಲಿ ಫ್ಯಾನು ಒಂದೇ ಸಮನೆ ತಿರುಗುತ್ತಿತ್ತು, ಕತ್ತರಿಸದೆ ಬಿಟ್ಟ ದಾರದ ತುದಿಗಳು ಅದರ ಗಾಳಿಗೆ ಅಲುಗುತ್ತಿದ್ದವು. ಗಂಡ ಹೆಂಡತಿ ಇಬ್ಬರೂ ಪುಟ್ಟ ಕನ್ನಡಿಯನ್ನೇ ನೋಡುತ್ತ ಕುಳಿತರು. ಬಹಳ ಹೊತ್ತು ಅದರಲ್ಲಿ ಬರೀ ರಸ್ತೆಯಿತ್ತು. ಆಮೇಲೆ ತಿರುವಿನಾಚೆ ಒಂದು ಕೆಂಪು ಚುಕ್ಕೆ ಕಾಣಿಸಿಕೊಂಡಿತು.