ಕೊಡದೆ ಉಳಿದ ಸೀರೆ

ಹಳೆಯ ಸೀರೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹರಿಯುತ್ತಿದ್ದೆ. ಪಕ್ಕದ ಮನೆಯ ರುಕ್ಮಾಬಾಯಿಗೆ ಮೊಮ್ಮಗ ಹುಟ್ಟಿದ್ದ. ನಮ್ಮಲ್ಲಿ ಹಸುಗೂಸಿಗೆ ಮೊದಲು ಹೊಸ ಬಟ್ಟೆ ಹಾಕುವುದಿಲ್ಲ. ಬಾಳಿ ಬದುಕಿದ ಮುದುಕಿಯ ಮೆತ್ತನೆಯ ಸೀರೆಯಲ್ಲಿ ಸುತ್ತುತ್ತಾರೆ.

"ನಿಮ್ಮಷ್ಟೇ ಗಟ್ಟಿ ಆಗ್ಲಿ ಕೂಸು," ಎಂದಳು ರುಕ್ಮಾಬಾಯಿ, ಬಾಗಿಲಲ್ಲಿ ನಿಂತು. "ನಿಮ್ಮ ಬಾಯಿ ಮಾತ್ರ ಬರೋದು ಬೇಡ."

ನನಗೆ ನಗು ಬರಲಿಲ್ಲ. ಈ ಸೀರೆಯನ್ನು ಯಾರಿಗೆಂದು ತೊಳೆದು ಮಡಿಸಿಟ್ಟಿದ್ದೆನೋ ಆ ಕೂಸು ನೆನಪಾಯಿತು.

ಎಷ್ಟೋ ವರ್ಷಗಳ ಹಿಂದೆ ನನ್ನ ಮಗಳು ವನಜಾಕ್ಷಿ ಬಾಣಂತನಕ್ಕೆ ಬಂದಿದ್ದಳು. ಹುಟ್ಟಿದ ಹೆಣ್ಣುಮಗುವಿನ ಹೃದಯ ಅರ್ಧವೇ ಬೆಳೆದಿತ್ತು, ಶ್ವಾಸಕೋಶವೂ ಸೋತಿತ್ತು. ಡಾಕ್ಟರಮ್ಮ ನಮ್ಮೆದುರು ಕುರ್ಚಿ ಎಳೆದುಕೊಂಡು ಕುಳಿತರು.

"ಆಪರೇಷನ್ ಮಾಡಬಹುದು. ಆದ್ರೆ ಈ ಕೂಸು ತಡೆಯೋದು ಕಷ್ಟ. ತಡೆದ್ರೂ ನಳಿಕೆ, ಸೂಜಿಗಳ ಮಧ್ಯೆಯೇ ಅದರ ದಿನ ಕಳೀಬಹುದು. ಬೇಡ ಅಂದ್ರೆ ನೋವಾಗದ ಹಾಗೆ ಔಷಧಿ ಕೊಡ್ತೀವಿ. ನಿಮ್ಮ ಮಡಿಲಲ್ಲೇ ಇರುತ್ತೆ."

ಮಗಳು ಕೂಸಿನ ಪಾದವನ್ನು ಸವರಿದಳು. ಆಮೇಲೆ, "ಮಡಿಲಲ್ಲೇ ಇರಲಿ," ಎಂದಳು. ಅಳಿಯ ತಲೆಯಾಡಿಸಿದ.

ವಾರ್ಡಿನವರೆಲ್ಲ ಕೇಳುವಂತೆ ನಾನು ಅಂದೆ: "ಹೆತ್ತವಳು ಆಡೋ ಮಾತಾ ಇದು? ಸಾಕೋಕೆ ಬೇಜಾರಾಯ್ತಾ ನಿಂಗೆ?"

ಅವಳು ಕೂಸನ್ನು ಎದೆಗೆ ಒತ್ತಿಕೊಂಡಳು. "ಅಮ್ಮಾ, ನಿನ್ನ ಸೀರೆ ಕೊಡು. ಇವಳಿಗೆ ಸುತ್ತಬೇಕು."

"ಮನೇಲಿದೆ. ಆಪರೇಷನ್ ಮಾಡ್ಸು, ತರ್ತೀನಿ. ಬದುಕೋ ಕೂಸಿಗೆ ಅಂತ ಇಟ್ಟಿರೋದು ಅದು."

ಮರುದಿನ ಮಧ್ಯಾಹ್ನ ಮಗು ತಾಯಿಯ ಎದೆಯ ಮೇಲೆ, ಅಳದೆ, ಕಣ್ಮುಚ್ಚಿತು. ಮೈಮೇಲೆ ಆಸ್ಪತ್ರೆಯ ಒರಟು ಹಸಿರು ಬಟ್ಟೆ. ನಾನು ಅದನ್ನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ.

ಸೀರೆ ಮನೆಯಲ್ಲಿರಲಿಲ್ಲ. ಅವಳು ಕೇಳಿದಾಗಲೂ ನನ್ನ ಕಂಕುಳಿನ ಚೀಲದಲ್ಲೇ ಇತ್ತು.

ವನಜಾಕ್ಷಿ ಮತ್ತೆ ತವರಿಗೆ ಬರಲಿಲ್ಲ. ಸೀರೆಯ ಈ ಸುಳ್ಳನ್ನು ಅವಳಿಗೆ ಇನ್ನೊಬ್ಬರ ಕೈಲಿ ಬರೆಸಲು ನಾಚಿ, ತಲೆ ನರೆತ ಮೇಲೆ ರಾತ್ರಿಶಾಲೆಗೆ ಸೇರಿದೆ. ಅಕ್ಷರ ಬಂತು; ಕಾಗದವನ್ನೂ ಬರೆದೆ. ಅಂಚೆಗೆ ಹಾಕುವ ಧೈರ್ಯ ಮಾತ್ರ ಬರಲಿಲ್ಲ. ಪೆಟ್ಟಿಗೆಯಲ್ಲಿ, ಸೀರೆಯ ಮಡಿಕೆಯೊಳಗೇ, ಅದೂ ಹಳದಿಯಾಯಿತು.

ರುಕ್ಮಾಬಾಯಿಗೆ ತುಂಡುಗಳನ್ನು ಕೊಟ್ಟು ಒಂದನ್ನು ಉಳಿಸಿಕೊಂಡೆ.

"ಇದ್ಯಾರಿಗೆ ಅಜ್ಜಿ?"

"ಇವನಿಗಿಂತ ಮುಂಚೆ ಬಂದಿದ್ದವಳಿಗೆ."

ಕಾಗದವನ್ನು ಅದರಲ್ಲಿ ಸುತ್ತಿ ಲಕೋಟೆಗೆ ಹಾಕಿದೆ. ಅಂಚೆಡಬ್ಬಿಯ ಬಾಯಿಗೆ ಅದು ದಪ್ಪವಾಯಿತು. ಕೂಸಿನ ತಲೆಗೆ ಆಸರೆ ಕೊಡುವಂತೆ ಅಂಗೈಯನ್ನು ಕೆಳಗೆ ಹಿಡಿದು, ಮೆಲ್ಲಗೆ ಒಳಗೆ ತಳ್ಳಿದೆ.