ಅಂಗೈಯಗಲ ಹುಲ್ಲು

ಕ್ಲಬ್ಬಿಗೆ ಹೊಸ ಮ್ಯಾನೇಜರು ಬಂದ ಸುದ್ದಿ ಪತ್ರಿಕೆಯವರಿಗಿಂತ ಮೊದಲು ಮೈದಾನದ ಮಾಲಿಗೆ ತಿಳಿಯುತ್ತಿತ್ತು. ಬಂದವನು ಯಾರೇ ಆಗಲಿ, ಮೊಟ್ಟಮೊದಲು ಮೈದಾನಕ್ಕಿಳಿದು, ಬೂಟಿನ ತುದಿಯಿಂದ ಹುಲ್ಲು ಕೆದಕಿ, "ಏನಯ್ಯಾ ಇದು?" ಅನ್ನುತ್ತಿದ್ದ. ಇಪ್ಪತ್ತಾರು ವರ್ಷದಲ್ಲಿ ಹುಲ್ಲು ಚೆನ್ನಾಗಿದೆ ಅಂದವನು ಒಬ್ಬನೇ. ಅವನನ್ನು ಎಲ್ಲರೂ ತಾತ ಅಂತ ಕರೆಯುತ್ತಿದ್ದರು.

ತಾತ ಹನ್ನೊಂದು ವರ್ಷ ತಂಡ ನಡೆಸಿದ. ಮೂರನೇ ದರ್ಜೆಯಲ್ಲಿ ಹೇಳಹೆಸರಿಲ್ಲದೆ ಬಿದ್ದಿದ್ದ ಕ್ಲಬ್ಬನ್ನು ಎರಡಕ್ಕೆ ತಂದ, ಎರಡರಿಂದ ಒಂದಕ್ಕೆ ಏರಿಸಿದ. ಹುಲ್ಲು ಎರಡು ಬೆರಳೆತ್ತರ ಇರಬೇಕು, ಬೆಳಿಗ್ಗೆ ಒಮ್ಮೆ ನೀರು ಸಾಕು ಅನ್ನುವುದು ಬಿಟ್ಟರೆ ಮಾಲಿಯ ತಂಟೆಗೆ ಬಂದವನಲ್ಲ. ಆಗ ಗೋಲ್‌ಕೀಪರ್ ಆಗಿ ಬಂದವನು ಇನ್ನೂ ಮೀಸೆ ಸರಿಯಾಗಿ ಮೂಡದ ಒಬ್ಬ ಉದ್ದನೆಯ ಆಳು. ಚೆಂಡು ಹಿಡಿಯುವುದರಲ್ಲಿ ಗಟ್ಟಿಗ, ಆದರೆ ಗೋಲಿನಿಂದ ನಾಲ್ಕು ಹೆಜ್ಜೆ ಮುಂದೆ ಬಂದನೋ, ಕಂಬಗಳು ಎಲ್ಲಿವೆ ಅನ್ನುವುದೇ ಮರೆತುಹೋಗುತ್ತಿತ್ತು. ಸಾರಿಸಾರಿಗೂ ಹಿಂದೆ ತಿರುಗಿ ನೋಡುತ್ತಿದ್ದ. ಅಷ್ಟರಲ್ಲಿ ಚೆಂಡು ಬಲೆಯಲ್ಲಿ.

"ಇವನ ಕಾಲಡೀಲಿ ಒಂದು ಗುರುತು ಬೇಕಲ್ಲಯ್ಯಾ," ಅಂದ ತಾತ. ಸುಣ್ಣದಲ್ಲಿ ಚುಕ್ಕೆ ಇಟ್ಟರೆ ರೆಫರಿ ಒಪ್ಪುವುದಿಲ್ಲ, ನಿಯಮದಲ್ಲಿಲ್ಲದ ಗುರುತು ಮೈದಾನದಲ್ಲಿ ಇರುವಂತಿಲ್ಲ. ಮಾಲಿ ಎರಡು ದಿನ ತಲೆ ಕೆರೆದುಕೊಂಡು, ಮೂರನೇ ದಿನ ಚರಂಡಿಯ ಅಂಚಿನಿಂದ ಅಗಲ ಎಲೆಯ, ಕಡುಹಸಿರಿನ ಹುಲ್ಲನ್ನು ಕಿತ್ತು ತಂದ. ಎರಡೂ ಗೋಲುಗಳ ಮುಂದೆ ನಾಲ್ಕು ಹೆಜ್ಜೆಗೆ, ಕಂಬಗಳಿಗೆ ಸರಿಯಾಗಿ ನಟ್ಟನಡುವೆ, ಅಂಗೈಯಗಲ ಜಾಗದಲ್ಲಿ ನೆಟ್ಟ. ನೋಡಿದವರಿಗೆ ಅದೊಂದು ಕಳೆ. ಬೂಟಿನಡಿ ಮಾತ್ರ ದಪ್ಪಗೆ ಒತ್ತುತ್ತಿತ್ತು. ಈ ಗುಟ್ಟು ಗೊತ್ತಿದ್ದವರು ಮೂರೇ ಜನ.

ಆಮೇಲೆ ಆ ಉದ್ದನೆಯ ಆಳು ಹಿಂದೆ ತಿರುಗುವುದನ್ನು ಬಿಟ್ಟ. ಜನ ಅವನಿಗೆ 'ಗೋಡೆ' ಅಂತ ಹೆಸರಿಟ್ಟರು. ಗೋಡೆ ಮಾಲಿಯ ಒಬ್ಬಳೇ ಮಗಳನ್ನು ಮದುವೆಯಾದ. ಗ್ಯಾಲರಿಯ ಮೆಟ್ಟಿಲುಗಳ ಕೆಳಗಿನ ಎರಡು ಕೋಣೆಯ ಮನೆಗೆ ಊಟಕ್ಕೆ ಬಂದಾಗಲೆಲ್ಲ ಬಾಗಿಲಿಗೆ ತಲೆ ಹೊಡೆದುಕೊಳ್ಳುತ್ತಿದ್ದ. "ಗೋಲ್‌ನಲ್ಲಿ ಹೊಡ್ಕೊಳ್ಳಲ್ಲ, ಮಾವನ ಮನೇಲೇ ಹೊಡ್ಕೋಬೇಕಾ ನೀವು?" ಅಂತ ಮಗಳು ನಗುತ್ತಿದ್ದಳು.

ತಾತ ಒಂದು ದಿನ ಅಭ್ಯಾಸದ ಹೊತ್ತಿನಲ್ಲಿ ಬೆಂಚಿನ ಮೇಲೆ ಕೂತವನು ಏಳಲಿಲ್ಲ. ಅಲ್ಲಿಂದ ಕ್ಲಬ್ಬಿನ ದೆಸೆ ತಿರುಗಿತು.

ಮೊದಲು ಬಂದವನು ಸದಾ ಟೈ ಕಟ್ಟಿಕೊಂಡಿರುತ್ತಿದ್ದ. ಬಿಸಿಲಿಗೆ ಮುಖ ಕೆಂಪಾದರೂ ಟೈ ಸಡಿಲಿಸುವ ಆಸಾಮಿ ಅಲ್ಲ. ಚೆಂಡು ನೆಲದ ಮೇಲೆ ಜಾರಬೇಕು ಅಂತ ಹುಲ್ಲನ್ನು ಬುಡಕ್ಕೆ ಕತ್ತರಿಸಲು ಹೇಳಿದ. ಹುಲ್ಲು ಸುಟ್ಟು ಕಂದಾಯಿತು, ತಂಡ ಐದನೇ ಸ್ಥಾನದಿಂದ ಹನ್ನೊಂದಕ್ಕೆ ಇಳಿಯಿತು. ಅವನ ಹಿಂದೆಯೇ ಬಂದವನ ಬಾಯಲ್ಲಿ ಸೀಟಿ. ಊಟಕ್ಕೆ ಕೂತಾಗಲೂ ಕೊರಳಲ್ಲಿ ಜೋತಾಡುತ್ತಿತ್ತು. ಎದುರಾಳಿಗಳ ಓಟ ಕಟ್ಟಬೇಕು ಅಂತ ಹುಲ್ಲು ಉದ್ದ ಬೆಳೆಸಿದ, ಮೊಣಕಾಲಿಗೆ ಬೆಳೆಸದಿದ್ದುದೇ ಪುಣ್ಯ. ನಮ್ಮವರೇ ಅದರಲ್ಲಿ ಕಾಲು ತೊಡರಿಸಿಕೊಂಡು ಬಿದ್ದರು. ಹನ್ನೊಂದು ಹದಿನೈದಾಯಿತು. ಮಾಲಿ ಎಲ್ಲರಿಗೂ "ಆಗ್ಲಿ ಸಾರ್" ಅಂದ. ಯಾರು ಬಂದರೂ ಆ ಎರಡು ಅಂಗೈಯಗಲ ಹುಲ್ಲನ್ನು ಮಾತ್ರ ತಾನೇ ಕೂತು ಕತ್ತರಿಯಿಂದ ಟ್ರಿಮ್ ಮಾಡುತ್ತಿದ್ದ. ಮುಳುಗುವ ಹಡಗಿನಂತಿದ್ದ ಆ ತಂಡದಲ್ಲಿ ಮರ್ಯಾದೆ ಉಳಿಸಿಕೊಂಡಿದ್ದವನು ಗೋಡೆ ಒಬ್ಬನೇ.

ಕೊನೆಯ ಮೂರು ಪಂದ್ಯ ಇರುವಾಗ ಸೀಟಿಯನ್ನು ಕಳಿಸಿ ಇನ್ನೊಬ್ಬನನ್ನು ತಂದರು. ಇವನ ಕೈಯಲ್ಲಿ ಅಳತೆಯ ಟೇಪು. ಮೊದಲೆರಡು ಪಂದ್ಯದಲ್ಲಿ ಒಂದು ಸೋಲು, ಒಂದು ಡ್ರಾ. ಕೊನೆಯದು ನಮ್ಮ ಮೈದಾನದಲ್ಲೇ. ಡ್ರಾ ಆದರೂ ಸಾಕು, ಮೊದಲ ದರ್ಜೆಯಲ್ಲಿ ಉಳಿಯಬಹುದು. ಸೋತರೆ ಕೆಳಕ್ಕೆ. ಪಂದ್ಯಕ್ಕೆ ಮೂರು ದಿನ ಇದೆ ಅನ್ನುವಾಗ ಟೇಪು ಮಾಲಿಯನ್ನು ಕರೆದ.

"ಅವ್ರ ಆಟ ಪೂರ್ತಿ ಎರಡು ಅಂಚಿನಲ್ಲಿ ನಡೆಯುತ್ತೆ. ಮೈದಾನದ ಅಗಲ ಆರಡಿ ಕಮ್ಮಿ ಮಾಡು."

"ಸಾರ್, ಬೆಂಚಿನ ಕಡೆ ಗೆರೆ ಸರಿಸಿದ್ರೆ ಬೆಂಚೂ ಮುಂದಕ್ಕೆ ತರಬೇಕು, ಅಲ್ಲಿ ಚರಂಡಿ ಇದೆ. ಎರಡೂ ಕಡೆಯಿಂದ ಒತ್ತೋಕಾಗಲ್ಲ."

"ಒಂದೇ ಕಡೆಯಿಂದ ಒತ್ತು."

ಒಂದೇ ಕಡೆಯಿಂದ ಆರಡಿ ಒತ್ತಿದರೆ ನಡು ಮೂರಡಿ ಸರಿಯುತ್ತದೆ. ಅಂದರೆ ಗೋಲಿನ ಕಂಬಗಳನ್ನು ಕೀಳಬೇಕು, ಮೂರಡಿ ಆಚೆ ಗುಂಡಿ ತೋಡಿ ನೆಡಬೇಕು, ಹಳೆಯ ಗೆರೆ ಅಳಿಸಿ ಹೊಸದು ಎಳೆಯಬೇಕು. ಮಾಲಿ ಎರಡು ಹಗಲು ಸೊಂಟ ನೆಟ್ಟಗೆ ಮಾಡಲಿಲ್ಲ. ಕಂಬಗಳಾದ ಮೇಲೆ ಗುರುತಿನ ಕೆಲಸ. ಗ್ಯಾಲರಿ ಕಡೆಯ ಗೋಲಿನ ಮುಂದಿನ ಹುಲ್ಲನ್ನು ಬೇರುಸಮೇತ ಹೆಂಟೆಯಾಗಿ ಎತ್ತಿ, ಮೂರಡಿ ಪಕ್ಕಕ್ಕೆ ಕೂರಿಸಿ, ನೀರು ಹಾಕಿದ. ಗುದ್ದಲಿ ಹಿಡಿದು ಇನ್ನೊಂದು ತುದಿಗೆ, ಗೋದಾಮಿನ ಗೋಡೆಯ ಕಡೆಯ ಗೋಲಿಗೆ ನಡೆದ. ಅಲ್ಲಿ ಟೇಪು ನಿಂತಿದ್ದ, ಸರಿಯಾಗಿ ಆ ಹುಲ್ಲಿನ ಮೇಲೆಯೇ.

ಅವನ ಎದುರಿಗೆ ಅಗೆಯುವ ಹಾಗಿಲ್ಲ. ಮಾಲಿ ಗುದ್ದಲಿಯ ಮೇಲೆ ಭಾರ ಬಿಟ್ಟು ಕಾದ. ಟೇಪು ಕಂಬದಿಂದ ಕಂಬಕ್ಕೆ ಅಳೆದ, ಬರೆದುಕೊಂಡ, ಆಮೇಲೆ ಮಾಲಿಯ ಹೆಗಲ ಮೇಲೆ ಕೈ ಹಾಕಿ ನಡೆಸಿಕೊಂಡು ಹೊರಟ.

"ಕೀಪರ್ ನಿನ್ನ ಅಳಿಯ ಅಂತೆ. ಅವನ ಕಾಂಟ್ರಾಕ್ಟು ಈ ಮ್ಯಾಚಿಗೆ ಮುಗಿಯುತ್ತೆ, ಗೊತ್ತಾ? ಉಳ್ಕೊಂಡ್ರೆ ಇನ್ನೂ ಎರಡು ವರ್ಷ ಕೊಡ್ತೀನಿ. ಇಲ್ದಿದ್ರೆ ಮೂವತ್ನಾಲ್ಕರ ಕೀಪರನ್ನ ಯಾರು ತಗೋತಾರೆ, ನೀನೇ ಹೇಳು. ಮಗಳಿಗೆ ಹೇಳು, ಮನೇಲಿ ಸ್ವಲ್ಪ ನೆಮ್ಮದಿಯಾಗಿ ಇಟ್ಕೊಳ್ಳಲಿ ಅವನ್ನ."

ಮಗಳು ಆರು ತಿಂಗಳ ಬಸುರಿ. ಮಾಲಿ ಗುದ್ದಲಿಯನ್ನು ಶೆಡ್ಡಿನಲ್ಲಿ ಒರಗಿಸಿ, ಕೈಯ ಮಣ್ಣನ್ನೂ ತೊಳೆಯದೆ ಮಗಳ ಮನೆಗೆ ಹೋದ. ಹೇಳಲೋ ಬೇಡವೋ ಅಂತ ಯೋಚಿಸುತ್ತ ಕೂತು, ಹೇಳದೆ, ಕತ್ತಲಾದ ಮೇಲೆ ವಾಪಸು ಬಂದು ಮಲಗಿದ. ಆ ಇನ್ನೊಂದು ಹುಲ್ಲಿನ ಯೋಚನೆ ಅವನ ತಲೆಯಿಂದ ಹಾರಿಹೋಗಿತ್ತು.

ಪಂದ್ಯದ ದಿನ ಅಳಿಯ ಗ್ಲೌಸು ಹಾಕಿಕೊಳ್ಳುತ್ತ ಶೆಡ್ಡಿನ ಹತ್ತಿರ ಬಂದ. "ಮಾವ, ಗುರುತು ಸರಿಸಿದ್ರಾ?"

ಮಾಲಿಯ ಕಣ್ಣ ಮುಂದೆ ತಾನು ಎತ್ತಿದ ಹೆಂಟೆ, ಹಾಕಿದ ನೀರು ಎಲ್ಲ ಬಂತು. "ಸರಿಸಿದೀನಿ ಕಣಪ್ಪಾ. ನೀನು ಕಣ್ಮುಚ್ಚಿ ನಿಂತ್ಕೋ," ಅಂದ.

ಮೊದಲರ್ಧ ಗೋಡೆ ಗ್ಯಾಲರಿ ಕಡೆಯ ಗೋಲಿನಲ್ಲಿದ್ದ. ನಾಲ್ಕು ಚೆಂಡು ತಡೆದ. ಒಂದನ್ನಂತೂ ಬೆರಳ ತುದಿಯಿಂದ ಕಂಬದಾಚೆ ತಳ್ಳಿದಾಗ ಇಡೀ ಗ್ಯಾಲರಿ ಎದ್ದು ನಿಂತಿತು. ಎರಡನೆಯ ಅರ್ಧಕ್ಕೆ ಗೋದಾಮಿನ ಕಡೆ ಹೋದ. ಅಲ್ಲಿ ಬಹಳ ಹೊತ್ತು ಅವನಿಗೆ ಕೆಲಸವೇ ಬೀಳಲಿಲ್ಲ. ಮುಗಿಯಲು ಎಂಟು ನಿಮಿಷ ಇತ್ತು, ಗೋಲು ಯಾರದೂ ಇಲ್ಲ. ಮಾಲಿ ಎಂದಿನಂತೆ ಮೂಲೆಯ ಬಾವುಟದ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದ. ಎದುರಾಳಿಗಳು ಚೆಂಡು ಕಿತ್ತುಕೊಂಡು ನಡುವಿನಿಂದ ನುಗ್ಗಿದರು. ಗೋಡೆ ನಾಲ್ಕು ಹೆಜ್ಜೆ ಮುಂದೆ ಬಂದ, ಚೆಂಡಿನಿಂದ ಕಣ್ಣು ಕೀಳದೆ ಬಲಗಾಲಿನಿಂದ ನೆಲ ತಡವಿದ, ದಪ್ಪ ಹುಲ್ಲು ಸಿಕ್ಕಿತು, ನಿಂತ.

ಮಾಲಿ ಆಗ ಕಂಡ. ಅಳಿಯನ ಎಡಕ್ಕೆ ಒಂಬತ್ತಡಿ. ಬಲಕ್ಕೆ ಹದಿನೈದು.

"ಬಲಕ್ಕೆ! ಬಲಕ್ಕೆ ಬಾರೋ!" ಅಂತ ಅರಚುತ್ತ ಗೆರೆಯುದ್ದಕ್ಕೂ ಓಡಿದ. ಹದಿನೆಂಟು ಸಾವಿರ ಗಂಟಲುಗಳ ಮಧ್ಯೆ ಅವನದು ಯಾರಿಗೆ ಕೇಳಬೇಕು? ಚೆಂಡು ನೆಲಕ್ಕೆ ತಾಗಿಕೊಂಡೇ ಬಲಗಡೆಗೆ ಬಂತು. ಅಷ್ಟೇನೂ ಜೋರಿರಲಿಲ್ಲ. ಗೋಡೆ ಉದ್ದಕ್ಕೆ ಹಾರಿದ. ಗ್ಲೌಸಿಗೂ ಚೆಂಡಿಗೂ ನಡುವೆ ಎರಡು ಗೇಣು ಜಾಗ ಇತ್ತು.

ಮರುದಿನದ ಪತ್ರಿಕೆಯಲ್ಲಿ ಚೆಂಡು ಒದ್ದ ಕ್ಷಣದ ಫೋಟೋ ಬಂತು. ಗೋಡೆ ನಡು ಬಿಟ್ಟು ಮೂರಡಿ ಪಕ್ಕಕ್ಕೆ ನಿಂತಿರುವುದು ಎಳೆಮಗುವಿಗೂ ಕಾಣುವಂತಿತ್ತು. ಹುಲ್ಲಿನ ಬಣ್ಣ ಮಾತ್ರ ಅದರಲ್ಲಿ ಕಾಣುತ್ತಿರಲಿಲ್ಲ. ಹತ್ತು ಬಾಯಿಗೆ ಹತ್ತು ಮಾತು ಬಂತು. ಹದಿನಾಲ್ಕು ವರ್ಷ ಆಡಿದ ಕೀಪರು ನಡು ಎಲ್ಲಿದೆ ಅಂತ ಗೊತ್ತಿಲ್ಲದೆ ನಿಲ್ಲುತ್ತಾನೆಯೇ? ಬೇಕಂತಲೇ ಜಾಗ ಬಿಟ್ಟ, ಮಾರಿಕೊಂಡ. ಕ್ಲಬ್ಬಿನ ಗೇಟಿನ ಮೇಲೆ ಯಾರೋ ಇದ್ದಿಲಿನಲ್ಲಿ ಬರೆದಿದ್ದರು: 'ಗೋಡೆಗೆ ಬಾಗಿಲು ಇಟ್ಟವರು ಯಾರು?' ಮಾಲಿ ಅದನ್ನು ಉಜ್ಜಿ ತೊಳೆದ. ಮಾರನೆಯ ದಿನ ಮತ್ತೆ ಬರೆದರು.

ವಿಚಾರಣೆ ಮೀಟಿಂಗ್ ಕೋಣೆಯಲ್ಲಿ ನಡೆಯಿತು. ತಾತನ ಫೋಟೋದ ಕೆಳಗೆ ಮೂರು ಜನ ಕೂತಿದ್ದರು. ಮಾಲಿಯನ್ನೂ ಕರೆಸಿದರು.

"ಆವತ್ತು ಮೈದಾನದ ಅಳತೆ ಸರಿಯಿತ್ತಾ?"

"ಸರಿಯಿತ್ತು ಸಾರ್."

"ಕಂಬಗಳು?"

"ಸರಿಯಿದ್ವು."

"ಬೇರೆ ಏನಾದ್ರೂ ಹೇಳೋದಿದೆಯಾ?"

ಕಳ್ಳಗುರುತಿನ ಮಾತೆತ್ತಿದರೆ ಕೆಲಸ ಹೋಗುತ್ತದೆ, ಮೆಟ್ಟಿಲ ಕೆಳಗಿನ ಮನೆ ಹೋಗುತ್ತದೆ. ಜನ ಬಾಗಿಲಿಗೆ ಎಸೆದ ಕಲ್ಲುಗಳನ್ನು ತೋರಿಸಿ ಬಾಡಿಗೆಮನೆಯ ಮಾಲೀಕರು ಮನೆ ಬಿಡಿಸಿದ ಮೇಲೆ ಮಗಳು ಅಳಿಯ ಬಂದು ಇದ್ದುದೂ ಅದೇ ಮನೆಯಲ್ಲಿ. ಇದು ಮಾಲಿ ತನಗೆ ತಾನೇ ಹೇಳಿಕೊಂಡ ಕಾರಣ. ನಿಜ ಏನೆಂದರೆ ಅವನಿಗೆ ಅಳಿಯನ ಮುಖದ ಹೆದರಿಕೆ. 'ಕಣ್ಮುಚ್ಚಿ ನಿಂತ್ಕೋ' ಅಂದ ಬಾಯಿ ಅದು. ಆ ಬಾಯಿಂದ ಈಗ "ಇಲ್ಲ ಸಾರ್" ಅಂತ ಬಂತು. ಹೊರಗೆ ಬಂದವನು ಗೋದಾಮಿನ ಗೋಡೆಗೆ ಮುಖ ಮಾಡಿ ನಿಂತು ಅತ್ತ.

ಸಾಕ್ಷಿ ಇಲ್ಲ ಅಂತ ಗೋಡೆಗೆ ಶಿಕ್ಷೆ ಆಗಲಿಲ್ಲ. ಆದರೆ ಕಾಂಟ್ರಾಕ್ಟು ಹೋಯಿತು, ಬೇರೆ ಯಾವ ಕ್ಲಬ್ಬೂ ಕದ ತೆರೆಯಲಿಲ್ಲ. ಅವನು ಯಾರ ಜೊತೆಯೂ ಜಗಳವಾಡಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದ. ಕಣ್ಣು ಮುಚ್ಚಿ ಎರಡು ಹೆಜ್ಜೆ ಮುಂದೆ ಬಂದು, ನಿಂತು, ತಿರುಗಿ ಎರಡೂ ಕಡೆಯ ಚೌಕಟ್ಟನ್ನು ಕಣ್ಣಲ್ಲೇ ಅಳೆಯುತ್ತಿದ್ದ. ಮತ್ತೆ ಹೋಗಿ ನಿಲ್ಲುತ್ತಿದ್ದ.

"ಗುರುತಿನ ಮೇಲೇ ನಿಂತಿದ್ದೆ ಮಾವ," ಅನ್ನುತ್ತಿದ್ದ. "ಕಂಬ ಸರಿಸಿದ್ದಕ್ಕೋ ಏನೋ, ಎಲ್ಲ ಸೊಟ್ಟ ಕಾಣ್ತಿತ್ತು. ನೀವು ಸರಿಸಿದೀನಿ ಅಂದಿದ್ರಲ್ಲ, ನನ್ನ ಕಣ್ಣೇ ಸರಿಯಿಲ್ಲ ಅಂದ್ಕೊಂಡೆ. ಕಾಲಿಗೆ ಸಿಕ್ಕಿದ್ದು ಗುರುತಲ್ಲವೇನೋ. ಬೇರೆ ಯಾವುದೋ ಹುಲ್ಲೇನೋ."

ಮಗಳು ಅಡುಗೆಮನೆಗೆ ಬರುವುದಕ್ಕೂ ಅವನು ಸರಿಯಲಿ ಅಂತ ಕಾಯಬೇಕಾಗಿತ್ತು. ಮಾಲಿ ತಟ್ಟೆಯ ಮುಂದೆ ಕೂತು ತುತ್ತು ನುಂಗಲಾರದೆ ಎದ್ದುಹೋಗುತ್ತಿದ್ದ.

ಎರಡನೆಯ ದರ್ಜೆಗೆ ಇಳಿದ ಮೇಲೆ ಟೇಪನ್ನೂ ಕಳಿಸಿದರು. ಹೊಸಬ ಬಂದ. ಬೂಟಿನ ತುದಿಯಿಂದ ಹುಲ್ಲು ಕೆದಕಿದ. "ಏನಯ್ಯಾ ಇದು? ಇಷ್ಟು ಇಕ್ಕಟ್ಟು! ಮೊದಲಿನ ಅಗಲಕ್ಕೇ ಮಾಡು," ಅಂದ.

ಮಾಲಿ ಕಂಬ ಕಿತ್ತ. ಹಳೆಯ ಗುಂಡಿಗಳಲ್ಲೇ ನೆಟ್ಟ. ಗ್ಯಾಲರಿ ಕಡೆಯ ಹುಲ್ಲನ್ನು ಮೂರಡಿ ಹಿಂದಕ್ಕೆ ತಂದ. ಗೋದಾಮಿನ ಕಡೆಯದನ್ನು ಮುಟ್ಟಬೇಕಾಗಲೇ ಇಲ್ಲ. ಕಂಬಗಳೇ ಅದರ ಹತ್ತಿರಕ್ಕೆ ವಾಪಸು ಬಂದಿದ್ದವು. ಗೆರೆ ಎಳೆದು ಮುಗಿಸಿದಾಗ ಆ ಹುಲ್ಲು ನಟ್ಟನಡುವೆ, ಏನೂ ಆಗೇ ಇಲ್ಲ ಅನ್ನುವ ಹಾಗೆ ಕೂತಿತ್ತು.

ಅದನ್ನೇ ನೋಡುತ್ತ ನಿಂತಿದ್ದಾಗ ಅಳಿಯ ಬಂದ. ಲಾಕರಿನಲ್ಲಿ ಉಳಿದಿದ್ದ ಹಳೆಯ ಗ್ಲೌಸು ಕೈಯಲ್ಲಿತ್ತು. ಸೀದಾ ಗೋಲಿಗೆ ಹೋದ. ನಾಲ್ಕು ಹೆಜ್ಜೆ ಮುಂದೆ ಬಂದ, ಬಲಗಾಲಿನಿಂದ ತಡವಿದ, ನಿಂತ. ತಿರುಗಿ ಎಡ ನೋಡಿದ, ಬಲ ನೋಡಿದ. ಬಹಳ ಹೊತ್ತು ನೋಡಿದ.

"ಸರಿಯಾಗಿದೆ," ಅಂದ. "ಕೂದಲೆಳೆಯಷ್ಟೂ ಆಚೀಚೆ ಇಲ್ಲ. ನೀವು ಯಾವತ್ತೂ ತಪ್ಪೋರಲ್ಲ ಮಾವ. ನಾನೇ ತಪ್ಪಿದ್ದು."

ಮಾಲಿಗೆ ಇನ್ನು ತಡೆಯಲಾಗಲಿಲ್ಲ. "ಇಲ್ಲ ಕಣಪ್ಪಾ, ನಾನು ಇದನ್ನ ಸರಿಸಿರಲಿಲ್ಲ," ಅಂದ. "ಆ ಕಡೇದು ಸರಿಸಿದ್ದೆ, ಇದನ್ನ ಮರೆತುಬಿಟ್ಟೆ. ಟೇಪು ಇಲ್ಲಿ ನಿಂತಿದ್ದ, ನಿನ್ನ ಕಾಂಟ್ರಾಕ್ಟಿನ ಮಾತೆತ್ತಿದ, ನಾನು ಹಂಗೇ ಹೊರಟುಹೋದೆ. ಈಗ ಕಂಬ ಹಳೇ ಜಾಗಕ್ಕೆ ಬಂದಿರೋದಕ್ಕೆ ಸರಿ ಕಾಣ್ತಿದೆ ಅಷ್ಟೇ. ನೀನು ಗುರುತಿನ ಮೇಲೇ ನಿಂತಿದ್ದೆ. ತಪ್ಪು ನಂದು. ಪೂರ್ತಿ ನಂದು."

ಗೋಡೆ ಅವನನ್ನೇ ನೋಡಿದ. ಎರಡು ತಿಂಗಳಿಂದ ಕಾಣದಿದ್ದ ಒಂದು ಮೃದುತನ ಆ ಮುಖದಲ್ಲಿ ಕಂಡಿತು. ಮಾಲಿಗೆ ಬೈಗುಳ ಬೇಕಿತ್ತು, ಏಟು ಬಿದ್ದರೂ ಸರಿಯಿತ್ತು. ಗೋಡೆ ಬಗ್ಗಿ ಅವನನ್ನು ತಬ್ಬಿಕೊಂಡ.

"ಸುಳ್ಳು ಹೇಳೋಕೂ ಬರಲ್ಲ ನಿಮಗೆ," ಅಂದ. "ಕಂಬದ ಜೊತೆ ಗುರುತನ್ನೂ ವಾಪಸು ತಂದಿದ್ದೀರಿ, ಕಾಲಡೀಲಿ ಕಾಣ್ತಿದೆಯಲ್ಲ ಮಾವ, ಎಷ್ಟು ಸರಿಯಾಗಿದೆ ಅಂತ. ನಿಮ್ಮ ಮಗಳು ಹೇಳ್ತಾನೇ ಇರ್ತಾಳೆ, ನನ್ನ ನೋಡಿ ನೀವು ಊಟ ಬಿಟ್ಟಿದ್ದೀರಿ ಅಂತ. ನನ್ನ ತಪ್ಪನ್ನ ನಿಮ್ಮ ತಲೆ ಮೇಲೆ ಹಾಕ್ಕೋಬೇಡಿ. ಸಾಕು."

"ಸತ್ಯ ಹೇಳ್ತಿದೀನಿ ಕಣೋ. ಮಗಳಾಣೆ."

"ಅವಳ ಆಣೆ ಹಾಕ್ಬೇಡಿ, ಬಸುರಿ ಅವಳು," ಅಂದ ಗೋಡೆ. ಗ್ಲೌಸನ್ನು ಮಾವನ ಕೈಗಿಟ್ಟ. "ಕಳೆ ಕೀಳೋಕಾದ್ರೂ ಆಗುತ್ತೆ, ಇಟ್ಕೊಳ್ಳಿ. ನಾಳೆಯಿಂದ ಗೋದಾಮಿನಲ್ಲಿ ಮೂಟೆ ಇಳಿಸೋ ಕೆಲಸಕ್ಕೆ ಹೋಗ್ತಿದೀನಿ. ಈಗ ಮನಸ್ಸು ಹಗುರ ಆಯ್ತು. ನಂದೇ ತಪ್ಪು ಅಂತ ಗೊತ್ತಾಯ್ತಲ್ಲ."

ತಲೆ ತಗ್ಗಿಸಿಕೊಂಡು ಗೇಟಿನ ಕಡೆ ನಡೆದುಹೋದ. ಹಿಂದೆ ತಿರುಗಿ ನೋಡಲಿಲ್ಲ. ಅದನ್ನು ಅವನಿಗೆ ಕಲಿಸಿದವರಲ್ಲಿ ಮಾಲಿಯೂ ಒಬ್ಬ.

ಮಾಲಿ ಆ ದೊಡ್ಡ ಗ್ಲೌಸಿನಲ್ಲಿ ಕೈ ತೂರಿಸಿ ಮೊಣಕಾಲೂರಿ ಕೂತ. ಹುಲ್ಲಿನ ಬುಡ ಹಿಡಿದು ಎಳೆದ. ಬೇರು ಆಳಕ್ಕೆ ಇಳಿದಿತ್ತು, ಸುಲಭಕ್ಕೆ ಬರಲಿಲ್ಲ. ಎರಡೂ ಕೈ ಹಾಕಿ ಕಿತ್ತ. ಸಣ್ಣ ಚೂರುಗಳನ್ನೂ ಬಿಡದೆ ಹೆಕ್ಕಿ ತೆಗೆದ.

ಆಚೆ ಗೆರೆಯ ಮೇಲೆ ಹೋಗುತ್ತಿದ್ದ ಹೊಸ ಮ್ಯಾನೇಜರು ನಿಂತು ನೋಡಿದ.

"ಕಳೆ ಕೀಳ್ತಿದ್ದೀಯಾ?" ಅಂದ. "ಒಳ್ಳೇ ಕೆಲಸ. ನಿನ್ನ ಹಂಗೆ ಮುತುವರ್ಜಿಯಿಂದ ಕೆಲಸ ಮಾಡೋರು ಇನ್ನು ನಾಲ್ಕು ಜನ ಇದ್ದಿದ್ರೆ ಈ ಕ್ಲಬ್ಬು ಹೀಗಾಗ್ತಿರಲಿಲ್ಲ."

"ಆಗ್ಲಿ ಸಾರ್," ಅಂದ ಮಾಲಿ.